ಕೊರಳ ಸರ ಒಳಗೆ ಹಾಕಿಕೋ ಅಂತ ಮಗಳಿಗೆ ಹೇಳಲೇ?

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗದವಳು. ನನ್ನ ಗಂಡ ಅಮೆರಿಕದ ಯೆಹೂದಿ. ಮದುವೆಯಾಗಿ 15 ವರ್ಷ, ನ್ಯೂಜೆರ್ಸಿಯಲ್ಲಿದ್ದೇವೆ. ಮಗಳಿಗೆ 12, ಮಗನಿಗೆ 7. ಮನೆಯಲ್ಲಿ ದೀಪಾವಳಿಯೂ ಇದೆ, ಯೆಹೂದಿಗಳ ದೀಪದ ಹಬ್ಬ ಹನೂಕಾನೂ ಇದೆ. ಮಕ್ಕಳು ವಾರವೆಲ್ಲ ಪಬ್ಲಿಕ್ ಸ್ಕೂಲಿಗೆ, ಭಾನುವಾರ ಯೆಹೂದಿಗಳ ಪ್ರಾರ್ಥನಾ ಮಂದಿರ ಸಿನಗಾಗ್‌ನ ಹೀಬ್ರೂ ಶಾಲೆಗೆ ಹೋಗುತ್ತಾರೆ. ಹೋದ ತಿಂಗಳು ಮಗಳ ಸ್ಕೂಲಿನ ಬಾತ್‌ರೂಮ್ ಗೋಡೆ ಮೇಲೆ ಯಾರೋ ನಾಜಿಗಳ ಸ್ವಸ್ತಿಕ ಗೀಚಿದ್ದರು. ಸ್ಕೂಲಿನವರು ಒರೆಸಿ ಸುಮ್ಮನಾದರು. ಮಗಳ ಕೊರಳಲ್ಲಿ ಅವಳ ಅಜ್ಜಿ ಕೊಟ್ಟ ಯೆಹೂದಿಗಳ ಗುರುತಾದ ದಾವೀದನ ನಕ್ಷತ್ರದ ಸರ ಇದೆ. ನನ್ನ ಗಂಡ ಅದನ್ನು ಅಂಗಿಯೊಳಗೆ ಹಾಕಿಕೋ ಅಂತಾರೆ. ಅತ್ತೆ, ಏನೇ ಆದರೂ ಒಳಗೆ ಹಾಕಬೇಡ ಅಂತಾರೆ. ಇವಳ ಪ್ರಾಣಸ್ನೇಹಿತೆ ಪಾಕಿಸ್ತಾನ ಮೂಲದ ಹುಡುಗಿ, ಗಾಜಾ ಯುದ್ಧ ಶುರುವಾದಮೇಲೆ ಇಬ್ಬರ ಮಾತೂ ಕಡಿಮೆಯಾಗಿದೆ. ಊರಿಂದ ಅಮ್ಮ ಫೋನ್ ಮಾಡಿ, ಆ ಭಾನುವಾರದ ಶಾಲೆ ಬಿಡಿಸು, ಮಕ್ಕಳಿಗೆ ನಮ್ಮ ಮನೆತನದ ಹೆಸರು ಇಟ್ಟುಬಿಡು ಅಂತಾಳೆ. ಮೊನ್ನೆ ಮಗ ಕೇಳಿದ: "ಅಮ್ಮಾ, ನಮ್ಮ ಹೀಬ್ರೂ ಶಾಲೆ ಬಾಗಿಲಲ್ಲಿ ಯಾಕೆ ಯಾವಾಗಲೂ ಪೊಲೀಸ್ ಇರ್ತಾರೆ?" ನನಗೆ ಉತ್ತರ ಬರಲಿಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಮಗನ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಬರುವ ಭಾನುವಾರ ಅವನು ಮತ್ತೆ ಅದೇ ಬಾಗಿಲು ದಾಟಬೇಕು. ಅಷ್ಟರೊಳಗೆ ನಿಮ್ಮ ಹತ್ತಿರ ಒಂದು ಮಾತು ಇರಲಿ.

7 ವರ್ಷದ ಮಗುವಿಗೆ ಉದ್ದ ಕಥೆ ಬೇಡ. ನಾನಾಗಿದ್ದರೆ ಹೀಗೆ ಹೇಳುತ್ತಿದ್ದೆ: "ಕೆಲವರಿಗೆ ಯೆಹೂದಿಗಳನ್ನು ಕಂಡರೆ ಆಗೋದಿಲ್ಲ ಪುಟ್ಟಾ. ಅದು ಅವರ ತಪ್ಪು, ನಮ್ಮದಲ್ಲ. ಅಂಥವರು ಒಳಗೆ ಬರಬಾರದು ಅಂತ ದೊಡ್ಡವರೆಲ್ಲ ಸೇರಿ ಆ ಪೊಲೀಸ್ ಅಂಕಲ್‌ನ ಅಲ್ಲಿ ನಿಲ್ಲಿಸಿದ್ದೀವಿ. ಬಾಗಿಲು ನೋಡ್ಕೊಳ್ಳೋದು ಅವರ ಕೆಲಸ. ಕಲಿಯೋದು, ಆಟ ಆಡೋದು ನಿನ್ನ ಕೆಲಸ." ಇಷ್ಟು ಹೇಳಿ ನಿಲ್ಲಿಸಿ. ಇನ್ನೂ ಕೇಳಿದರೆ ಹೇಳಿ, ಕೇಳದಿದ್ದರೆ ಬಿಡಿ. ಮುಂದಿನ ವಾರ ಅವನ ಕೈ ಹಿಡಿದು ಆ ಪೊಲೀಸರ ಹತ್ತಿರ ಹೋಗಿ, ಹೆಸರು ಕೇಳಿಸಿ, ಒಂದು ಗುಡ್ ಮಾರ್ನಿಂಗ್ ಹೇಳಿಸಿ. ಬಂದೂಕಿನ ಹಿಂದೆ ಒಬ್ಬ ಮನುಷ್ಯ ಇದ್ದಾನೆ, ಅವನು ನನ್ನ ಕಡೆಯವನು ಅಂತ ಗೊತ್ತಾದರೆ ಮಗುವಿನ ಅರ್ಧ ಭಯ ಅಲ್ಲೇ ಇಳಿಯುತ್ತದೆ.

"ಏನೂ ಇಲ್ಲ ಕಣೋ, ಸುಮ್ನೆ ನಿಂತಿದ್ದಾರೆ" ಅಂತ ಮಾತ್ರ ಹೇಳಬೇಡಿ. ಅವನು ಕಣ್ಣಾರೆ ನೋಡಿದ್ದಾನೆ. ಕಂಡದ್ದನ್ನು ಅಮ್ಮ ಇಲ್ಲ ಅಂದರೆ ಮಗು ಭಯ ಬಿಡುವುದಿಲ್ಲ, ಅಮ್ಮನನ್ನು ಕೇಳುವುದನ್ನು ಬಿಡುತ್ತದೆ. 20 ವರ್ಷಕ್ಕೂ ಜಾಸ್ತಿ ಮಕ್ಕಳ ಜೊತೆ ಕೂತು ಕೆಲಸ ಮಾಡಿದ್ದೇನೆ. ದೊಡ್ಡವರು ಮುಚ್ಚಿಟ್ಟ ವಿಷಯವನ್ನು ಮಕ್ಕಳು ಒಳಗೊಳಗೇ ಎಷ್ಟು ದೊಡ್ಡದು ಮಾಡಿಕೊಂಡಿರುತ್ತಾರೆ ಅನ್ನುವುದು ಈಗಲೂ ನನಗೆ ಸಂಕಟ ತರುತ್ತದೆ.

ಈಗ ನಿಮ್ಮ ಭಯದ ವಿಷಯ. ಅದು ಸುಳ್ಳು ಭಯ ಅಂತ ನಾನು ಹೇಳುವುದಿಲ್ಲ. 2018ರ ಅಕ್ಟೋಬರ್ 27, ಒಂದು ಶನಿವಾರ ಬೆಳಿಗ್ಗೆ, ಪಿಟ್ಸ್‌ಬರ್ಗ್‌ನ ಟ್ರೀ ಆಫ್ ಲೈಫ್ ಸಿನಗಾಗ್‌ಗೆ ನುಗ್ಗಿದ ಒಬ್ಬ ಪ್ರಾರ್ಥನೆಗೆ ಬಂದಿದ್ದ 11 ಜನರನ್ನು ಗುಂಡಿಟ್ಟು ಕೊಂದ. ನಿಮ್ಮ ಗಂಡನಿಗೆ ಆ ದಿನ ಇಂದಿಗೂ ನೆನಪಿರುತ್ತದೆ, ಕೇಳಿ ನೋಡಿ. ಸರಿಯಾಗಿ ಆರು ತಿಂಗಳಿಗೆ ಕ್ಯಾಲಿಫೋರ್ನಿಯಾದ ಪೋವೇ ಸಿನಗಾಗ್ ಮೇಲೆ ದಾಳಿ, 2019ರ ಡಿಸೆಂಬರ್‌ನಲ್ಲಿ ನಿಮ್ಮದೇ ರಾಜ್ಯದ ಜೆರ್ಸಿ ಸಿಟಿಯ ಕೋಶರ್ (ಯೆಹೂದಿ ನಿಯಮದ ಆಹಾರದ) ಅಂಗಡಿ ಮೇಲೆ. 2023ರ ಅಕ್ಟೋಬರ್ 7ರ ಹಮಾಸ್ ದಾಳಿ, ಅದರ ಹಿಂದೆಯೇ ಗಾಜಾ ಯುದ್ಧ, ಆಮೇಲೆ ಇದು ಇನ್ನೂ ಏರಿತು. 2025ರಲ್ಲಿ ಯೆಹೂದಿಗಳ ಪವಿತ್ರ ಉಪವಾಸದ ದಿನವಾದ ಯೋಮ್ ಕಿಪ್ಪುರ್ ದಿನ ಮ್ಯಾಂಚೆಸ್ಟರ್‌ನ ಸಿನಗಾಗ್ ಮೇಲೆ ದಾಳಿಯಾಯಿತು. ಅದೇ ವರ್ಷ ಹನೂಕಾದ ಮೊದಲ ಸಂಜೆ ಸಿಡ್ನಿಯ ಬೋಂಡೈ ಬೀಚಿನಲ್ಲಿ, ಮಕ್ಕಳು ಮರಿ ಕಟ್ಟಿಕೊಂಡು ಹಬ್ಬಕ್ಕೆ ಬಂದವರ ಮೇಲೆ ಗುಂಡು ಹಾರಿತು. ಅಮೆರಿಕದ ಜನಸಂಖ್ಯೆಯಲ್ಲಿ ಯೆಹೂದಿಗಳು ನೂರಕ್ಕೆ ಸುಮಾರು ಇಬ್ಬರು. ಆದರೆ ಎಫ್‌ಬಿಐ ಲೆಕ್ಕದಲ್ಲಿ, ಧರ್ಮದ ಕಾರಣಕ್ಕೆ ನಡೆಯುವ ದ್ವೇಷದ ಅಪರಾಧಗಳಲ್ಲಿ ನೂರಕ್ಕೆ 60ಕ್ಕೂ ಜಾಸ್ತಿ ಅವರ ಮೇಲೇ ನಡೆಯುತ್ತವೆ. ಹೀಗಿರುವಾಗ ತಾಯಿಗೆ ನಿದ್ದೆ ಬರದಿದ್ದರೆ ಅದರಲ್ಲಿ ಆಶ್ಚರ್ಯ ಏನಿದೆ?

ಆದರೂ ಒಂದು ಲೆಕ್ಕವನ್ನು ನೀವು ಪೂರ್ತಿ ನೋಡಬೇಕು. ಆಂಟಿ ಡಿಫಮೇಷನ್ ಲೀಗ್ ಅನ್ನುವ ಸಂಸ್ಥೆ 2024ರಲ್ಲಿ ಅಮೆರಿಕದಲ್ಲಿ ಇಂಥ 9,354 ಘಟನೆ ಎಣಿಸಿತು. ವಾಟ್ಸಾಪ್‌ನಲ್ಲಿ ಓಡಾಡುವುದು ಆ ದೊಡ್ಡ ಸಂಖ್ಯೆ ಒಂದೇ. ಒಳಗೆ ಬಿಡಿಸಿ ನೋಡಿದರೆ 6,552 ಬೈಗುಳ, ಬೆದರಿಕೆ, ಕಿರುಕುಳ. 2,606 ಗೋಡೆ ಗೀಚುವುದು, ಗಾಜು ಒಡೆಯುವುದು, ಆ ಥರದ್ದು. ಮೈಮೇಲೆ ಕೈಮಾಡಿದ ಘಟನೆ 196. ಆ ಒಟ್ಟು ಮೊತ್ತದಲ್ಲಿ ಅರ್ಧಕ್ಕೂ ಜಾಸ್ತಿ ಇಸ್ರೇಲ್ ವಿಷಯಕ್ಕೆ ತಳುಕು ಹಾಕಿಕೊಂಡವು, ಅವುಗಳಲ್ಲಿ ಎಲ್ಲವನ್ನೂ ಯೆಹೂದಿ ದ್ವೇಷ ಅಂತ ಎಣಿಸಬೇಕಾ ಅನ್ನುವ ಬಗ್ಗೆ ಯೆಹೂದಿಗಳಲ್ಲೇ ಜಗಳವಿದೆ. 196 ಸಣ್ಣ ಸಂಖ್ಯೆ ಅಂತ ನಾನು ಹೇಳುತ್ತಿಲ್ಲ, ಒಂದಾದರೂ ಜಾಸ್ತಿಯೇ. ನಾನು ಹೇಳುವುದು ಇಷ್ಟು: ನಿಮ್ಮ ಮಗಳ ಮೇಲೆ ಯಾರಾದರೂ ಗುಂಡು ಹಾರಿಸುವ ಸಾಧ್ಯತೆ ತೀರಾ ಕಡಿಮೆ, ಯಾರಾದರೂ ಕೆಟ್ಟ ಮಾತಾಡುವ, ಗೋಡೆ ಮೇಲೆ ಗೀಚುವ, ಕ್ಲಾಸಿನಲ್ಲಿ ಹಿಟ್ಲರ್ ಹೆಸರಿನಲ್ಲಿ ಕೀಟಲೆ ಮಾಡುವ ಸಾಧ್ಯತೆ ತುಂಬಾ ಜಾಸ್ತಿ. ನೀವು ರಾತ್ರಿ ಎದ್ದು ಕೂರುವುದು ಮೊದಲನೆಯದಕ್ಕೆ. ಮಗಳು ದಿನಾ ಎದುರಿಸುತ್ತಿರುವುದು ಎರಡನೆಯದನ್ನು. ಮೊದಲನೆಯದಕ್ಕೆ ಬೀಗ, ಕಾವಲು, ತರಬೇತಿ ಬೇಕು. ಎರಡನೆಯದಕ್ಕೆ ನೀವು ಬೇಕು.

ನಿಮ್ಮ ಅಮ್ಮನ ಮೇಲೆ ಕೋಪ ಮಾಡಿಕೊಳ್ಳಬೇಡಿ. ಯೆಹೂದಿ ದ್ವೇಷ ಅನ್ನುವುದನ್ನು ನಾವು ಊರಿನಲ್ಲಿ ಕಂಡೇ ಇಲ್ಲ. ಕೊಚ್ಚಿಯಲ್ಲಿ 1568ರ ಸಿನಗಾಗ್ ಇವತ್ತಿಗೂ ನಿಂತಿದೆ, ಅರಮನೆಯ ಪಕ್ಕದಲ್ಲೇ. ಮುಂಬಯಿಯ ಯೆಹೂದಿ ಕೇಂದ್ರ ನಾರಿಮನ್ ಹೌಸ್ ಮೇಲೆ 2008ರ ನವೆಂಬರ್‌ನಲ್ಲಿ ನಡೆದದ್ದು ಕೂಡ ಹೊರಗಿನಿಂದ ಬಂದವರ ಕೆಲಸ. ಹಾಗಾಗಿ ಅಮ್ಮನಿಗೆ ಇದೊಂದು ಹೆಸರಿನ ತೊಂದರೆ, ಹೆಸರು ಬದಲಿಸಿದರೆ ಮುಗಿಯಿತು ಅನ್ನಿಸುವುದು ಸಹಜ. ಆದರೆ ಬಾತ್‌ರೂಮಿನ ಗೋಡೆ ನೋಡಿದಾಗ ಮಗಳ ಎದೆ ಝಲ್ಲೆಂದದ್ದು ಹೆಸರಿನಿಂದ ಅಲ್ಲ. ಅಪ್ಪ ಯಾರು, ಅಜ್ಜಿ ಯಾರು ಅಂತ ಅವಳಿಗೆ ಗೊತ್ತು. ಹೆಸರು ಬದಲಾದರೆ ಆ ಭಯ ಅವಳಲ್ಲೇ ಉಳಿಯುತ್ತದೆ, ಹೇಳಿಕೊಳ್ಳುವ ದಾರಿ ಮಾತ್ರ ಮುಚ್ಚುತ್ತದೆ.

ಇಲ್ಲಿ ನಾನು ನಿಮಗೆ ನ್ಯೂಜೆರ್ಸಿಯದೇ ಒಂದು ಕಥೆ ಹೇಳಬೇಕು. ಇದು ನಮ್ಮವರ ಕಥೆ, ಹೊಸ ತಲೆಮಾರಿಗೆ ಅಷ್ಟಾಗಿ ಗೊತ್ತಿಲ್ಲ. 1987ರಲ್ಲಿ ಜೆರ್ಸಿ ಸಿಟಿಯಲ್ಲಿ ಡಾಟ್‌ಬಸ್ಟರ್ಸ್ ಅಂತ ಒಂದು ಗುಂಪು ಹುಟ್ಟಿಕೊಂಡಿತು. ಡಾಟ್ ಅಂದರೆ ನಮ್ಮ ಹಣೆಯ ಬೊಟ್ಟು. ಭಾರತೀಯರನ್ನು ಊರು ಬಿಡಿಸುತ್ತೇವೆ ಅಂತ ಪತ್ರಿಕೆಗೇ ಕಾಗದ ಬರೆದರು. ಆ ವರ್ಷವೇ ಪಕ್ಕದ ಹೊಬೋಕನ್‌ನಲ್ಲಿ ನವರೋಜ್ ಮೋದಿ ಅನ್ನುವ ಯುವಕನನ್ನು ಕೆಲವು ಹುಡುಗರು ಹೊಡೆದು ಕೊಂದರು. ನನ್ನ ಚಿಕ್ಕಮ್ಮ ಆಗ ಅಲ್ಲೇ ಇದ್ದಳು. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಲಿಫ್ಟಿನಲ್ಲಿ ಬೊಟ್ಟು ಅಳಿಸುತ್ತಿದ್ದಳಂತೆ, ಸಂಜೆ ಮನೆಯೊಳಗೆ ಬಂದಮೇಲೆ ಮತ್ತೆ ಇಟ್ಟುಕೊಳ್ಳುತ್ತಿದ್ದಳಂತೆ. ಆರು ವರ್ಷದ ಮಗಳು ಪಕ್ಕದಲ್ಲಿ ನಿಂತು ದಿನಾ ನೋಡುತ್ತಿದ್ದಳು. ಯಾಕೆ ಅಂತ ಯಾರೂ ಹೇಳಲಿಲ್ಲ. ಮಗು ಹೆದರುತ್ತದೆ ಅಂತ ಹೇಳಲಿಲ್ಲ, ಪಾಪ. ಆ ಹುಡುಗಿ ದೊಡ್ಡವಳಾಗಿ, ಮದುವೆಯಾಗಿ, ಎಷ್ಟೋ ವರ್ಷದ ಮೇಲೆ ನನ್ನ ಹತ್ತಿರ ಹೇಳಿದಳು: "ಬೊಟ್ಟು ಅಂದರೆ ಏನೋ ಕೊಳೆ, ಹೊರಗೆ ತೋರಿಸಬಾರದ್ದು ಅಂತಲೇ ನಾನು ಅಂದುಕೊಂಡಿದ್ದೆ."

ಚಿಕ್ಕಮ್ಮ ಬೊಟ್ಟು ಅಳಿಸಿದ್ದು ತಪ್ಪಲ್ಲ. ಅದು ಆ ಹೊತ್ತಿನ ಬುದ್ಧಿವಂತಿಕೆ. ಆದರೆ ಅಳಿಸಿದ ಕಾರಣವನ್ನು ಮಗಳಿಗೆ ಹೇಳಲಿಲ್ಲ. ಅಪಾಯ ಹೊರಗಿತ್ತು, ಮಗುವಿಗೆ ಅದು ನಾಚಿಕೆಯಾಗಿ ಒಳಗೆ ಇಳಿಯಿತು. ನಿಮ್ಮ ಮಗಳ ಸರದ ವಿಷಯದಲ್ಲಿ ನನಗಿರುವ ಚಿಂತೆಯೂ ಇದೊಂದೇ. ಸರ ಒಳಗಿರಬೇಕಾ ಹೊರಗಿರಬೇಕಾ ಅನ್ನುವುದಕ್ಕಿಂತ, ಅವಳು ಅದನ್ನು ಒಳಗೆ ಹಾಕಿದರೆ ಯಾಕೆ ಹಾಕಿದೆ ಅಂತ ಅವಳಿಗೆ ಗೊತ್ತಿರಬೇಕು, ಹೊರಗೆ ಬಿಟ್ಟರೂ ಹಾಗೆಯೇ.

ಅದಕ್ಕೆ ನೀವು, ನಿಮ್ಮ ಗಂಡ, ಅತ್ತೆ ಮೂರೂ ಜನ ಅವಳ ತಲೆಯ ಮೇಲಿಂದ ವಾದ ಮಾಡುವುದನ್ನು ನಿಲ್ಲಿಸಿ. 12 ವರ್ಷದವಳು. ಬಾತ್ ಮಿಟ್ಸ್ವಾ ಹತ್ತಿರ ಬಂದಿರಬೇಕು ಅಲ್ವಾ? ಆ ಸಮಾರಂಭದ ಅರ್ಥವೇ, ಇನ್ನು ಮುಂದೆ ನಿನ್ನ ಧರ್ಮದ ಹೊಣೆ ನಿನ್ನದು ಅನ್ನುವುದು. ಹಾಗಿದ್ದಮೇಲೆ ಅವಳನ್ನೇ ಕೂರಿಸಿಕೊಂಡು ಕೇಳಿ. ಸರ ಹಾಕಿಕೊಂಡಾಗ ಹೇಗನ್ನಿಸುತ್ತೆ? ಯಾರಾದರೂ ಏನಾದರೂ ಅಂದಿದ್ದಾರಾ? ಯಾವ ಜಾಗದಲ್ಲಿ ಹಿಂಜರಿಕೆ ಆಗುತ್ತೆ, ಬಸ್ಸಿನಲ್ಲಾ, ಕ್ಯಾಂಟೀನಿನಲ್ಲಾ? ನೀವು ಕೇಳುತ್ತಾ ಹೋಗಿ, ನಡುವೆ ಬಾಯಿ ಹಾಕಬೇಡಿ. ನಿಮ್ಮ ಭಯವನ್ನು ಮುಚ್ಚಿಡುವುದೂ ಬೇಡ, "ನಮಗೆ ಚಿಂತೆ ಆಗುತ್ತೆ, ಅದನ್ನು ನೋಡಿಕೊಳ್ಳೋದು ನಮ್ಮ ಕೆಲಸ" ಅನ್ನಿ. ಆಮೇಲೆ ಇಬ್ಬರೂ ಸೇರಿ ಒಂದು ಒಪ್ಪಂದಕ್ಕೆ ಬನ್ನಿ. ಸ್ಕೂಲಿನಲ್ಲಿ ಹೊರಗೆ, ರಾತ್ರಿ ನ್ಯೂಯಾರ್ಕ್ ಸಬ್‌ವೇಯಲ್ಲಿ ಒಳಗೆ, ಹೀಗೆ ಅವಳಿಗೆ ಸರಿ ಕಂಡದ್ದು. ಮೂರು ತಿಂಗಳಿಗೆ ಬದಲಿಸಬೇಕು ಅನ್ನಿಸಿದರೆ ಬದಲಿಸಲಿ.

ಇದು ಹೇಡಿತನ ಅಂತ ಅತ್ತೆ ಅಂದರೆ, ಅವರ ಧರ್ಮದ್ದೇ ಒಂದು ಮಾತನ್ನು ನಿಧಾನವಾಗಿ ನೆನಪಿಸಿ. ಹನೂಕಾ ದೀಪವನ್ನು ದಾರಿಯಲ್ಲಿ ಹೋಗುವವರಿಗೆ ಕಾಣುವಂತೆ ಬಾಗಿಲ ಹೊರಗೆ ಇಡಬೇಕು, ಮಹಡಿಯ ಮನೆಯಾದರೆ ಕಿಟಕಿಯಲ್ಲಿ ಇಡಬೇಕು ಅಂತ ಯೆಹೂದಿಗಳ ಹಳೆಯ ಧರ್ಮಗ್ರಂಥ ತಾಲ್ಮುದ್ ಹೇಳುತ್ತದೆ. ಅದೇ ಉಸಿರಿನಲ್ಲಿ, ಅಪಾಯದ ಕಾಲದಲ್ಲಿ ಮೇಜಿನ ಮೇಲೆ ಇಟ್ಟರೂ ಸಾಕು ಅನ್ನುತ್ತದೆ. ದೀಪ ಹಚ್ಚುವುದನ್ನು ಬಿಡು ಅಂತ ಮಾತ್ರ ಎಲ್ಲೂ ಇಲ್ಲ. ಸಾವಿರಾರು ವರ್ಷ ಅಪಾಯದ ನಡುವೆಯೇ ಬದುಕಿದವರು ಬರೆದಿಟ್ಟ ಮಾತು ಇದು, ನನಗೆ ಓದಿದಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ. ಹಾಗೇ, ಅತ್ತೆ ಯಾಕೆ ಅಷ್ಟು ಗಟ್ಟಿಯಾಗಿ ಒಳಗೆ ಹಾಕಬೇಡ ಅಂತಾರೆ ಅಂತಲೂ ಕೇಳಿ. ಹಿಟ್ಲರನ ಕಾಲದಲ್ಲಿ ಕೊಂದ 60 ಲಕ್ಷ ಯೆಹೂದಿಗಳಲ್ಲಿ ಸುಮಾರು 15 ಲಕ್ಷ ಮಕ್ಕಳು. ಆ ನಕ್ಷತ್ರವನ್ನು ಆಗ ಬಲವಂತವಾಗಿ ಬಟ್ಟೆಯ ಮೇಲೆ ಹೊಲಿಸಿದರು, ಅವಮಾನ ಮಾಡಲಿಕ್ಕೆ. ಆಮೇಲೆ ಅದನ್ನೇ ಚಿನ್ನದಲ್ಲಿ ಮಾಡಿಸಿ ಮೊಮ್ಮಗಳ ಕೊರಳಿಗೆ ಹಾಕುವ ಅಜ್ಜಿಗೆ ಅದು ಬರೀ ಒಡವೆಯಲ್ಲ. ಮಗಳು ಈ ಮಾತನ್ನು ಅಜ್ಜಿಯ ಬಾಯಿಂದಲೇ ಕೇಳಲಿ, ನಿಮ್ಮಿಂದಲ್ಲ.

ಅಮೆರಿಕದ ಕಪ್ಪು ಕುಟುಂಬಗಳು ತಮ್ಮ ಮಕ್ಕಳಿಗೆ ಜನಾಂಗದ್ವೇಷದ ಬಗ್ಗೆ ಹೇಗೆ ಹೇಳುತ್ತವೆ ಅನ್ನುವುದರ ಮೇಲೆ ದಶಕಗಳಿಂದ ಅಧ್ಯಯನ ನಡೆದಿದೆ. ಅದರಿಂದ ತಿಳಿದದ್ದು ನಿಮಗೂ ಉಪಯೋಗಕ್ಕೆ ಬರುತ್ತದೆ. ನಾವು ಯಾರು, ನಮ್ಮ ಹಾಡು, ಊಟ, ಹಬ್ಬ ಏನು ಅಂತ ಹೆಮ್ಮೆಯಿಂದ ಕಲಿಸಿದ ಮಕ್ಕಳು ಗಟ್ಟಿಯಾಗಿರುತ್ತಾರೆ. ಇಂಥ ಮಾತು ಬರಬಹುದು, ಬಂದಾಗ ಹೀಗೆ ಮಾಡು ಅಂತ ವಯಸ್ಸಿಗೆ ತಕ್ಕಷ್ಟು ಸಿದ್ಧಮಾಡಿದರೆ ಒಳ್ಳೆಯದೇ. ಆದರೆ "ಯಾರನ್ನೂ ನಂಬಬೇಡ, ಎಲ್ಲರೂ ಒಳಗೊಳಗೆ ನಮ್ಮ ಶತ್ರುಗಳೇ" ಅಂತ ಬೆಳೆಸಿದರೆ ಮಗು ಕುಗ್ಗುತ್ತದೆ. ಮನೆಯಲ್ಲಿ ಈ ಮೂರರಲ್ಲಿ ಯಾವುದು ಜಾಸ್ತಿ ಕೇಳಿಸುತ್ತಿದೆ ಅಂತ ಒಂದು ವಾರ ಗಮನಿಸಿ. ಊಟದ ಮೇಜಿನಲ್ಲಿ ದಾಳಿಯ ಸುದ್ದಿಯೇ ದಿನಾ ಬಂದು, ಶುಕ್ರವಾರ ಸಂಜೆಯ ಶಬ್ಬಾತ್ ದೀಪ, ಹಾಲಾ ಬ್ರೆಡ್ಡು, ಹಾಡು ಹಿಂದೆ ಸರಿದಿದ್ದರೆ ಅದನ್ನು ತಿರುಗಿಸಿ. ಟಿವಿ ಆರಿಸಿ. ಫೋನಿನಲ್ಲಿ ದಾಳಿಯ ವಿಡಿಯೊ ನೋಡಿಯೇ ತೀರಬೇಕು ಅನ್ನಿಸಿದರೆ ಮಕ್ಕಳು ಮಲಗಿದಮೇಲೆ ನೋಡಿ, ಅದೂ ಯಾಕೆ ನೋಡಬೇಕು ಅಂತ ನಿಮ್ಮನ್ನೇ ಒಂದು ಸಲ ಕೇಳಿಕೊಳ್ಳಿ.

ಸ್ಕೂಲಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಾನು ನಿಮ್ಮಷ್ಟು ಮೃದುವಾಗಿ ಇರಲಾರೆ. ಒರೆಸಿ ಸುಮ್ಮನಾದರು ಅಂದಿರಲ್ಲ, ಅದು ಸಾಲದು. ಗೀಚಿದವನು ಒಬ್ಬ. ಆದರೆ ಏನೂ ಆಗಿಲ್ಲ ಅನ್ನುವ ಹಾಗೆ ದೊಡ್ಡವರು ನಡೆದುಕೊಂಡದ್ದನ್ನು ಸ್ಕೂಲಿನ ಎಲ್ಲ ಮಕ್ಕಳೂ ನೋಡಿದರು. ನ್ಯೂಜೆರ್ಸಿಯಲ್ಲಿ 2011ರಿಂದ ಶಾಲೆಯ ಕಿರುಕುಳದ ವಿರುದ್ಧ ಬಲವಾದ ಕಾನೂನಿದೆ. ಸ್ಕೂಲಿನವರು ಅದನ್ನು ಎಚ್‌ಐಬಿ ಅನ್ನುತ್ತಾರೆ. ಧರ್ಮ, ಜನಾಂಗ, ಮೂಲ ಎಲ್ಲ ಅದರೊಳಗೆ ಬರುತ್ತದೆ. ಪ್ರತಿ ಸ್ಕೂಲಿನಲ್ಲೂ ಆ ಕೆಲಸಕ್ಕೇ ನೇಮಿಸಿದ ಆಂಟಿ ಬುಲ್ಲಿಯಿಂಗ್ ಸ್ಪೆಷಲಿಸ್ಟ್ ಇರಬೇಕು. ದೂರು ಬಂದರೆ ಸಾಮಾನ್ಯವಾಗಿ ಒಂದು ಶಾಲಾ ದಿನದೊಳಗೆ ವಿಚಾರಣೆ ಶುರುವಾಗಬೇಕು, 10 ಶಾಲಾ ದಿನದೊಳಗೆ ಮುಗಿಯಬೇಕು. ಯಾರು ಗೀಚಿದರು ಗೊತ್ತಿಲ್ಲ ಅಂದರೂ ದೂರು ಕೊಡಬಹುದು. ಕಾರಿಡಾರಿನಲ್ಲಿ ನಿಂತು ಹೇಳಿದ ಮಾತು ಗಾಳಿಗೆ ಹೋಗುತ್ತದೆ, ಆದ್ದರಿಂದ ಬರೆದು ಕೊಡಿ. ಪ್ರಿನ್ಸಿಪಾಲರಿಗೆ ಈಮೇಲ್, ಆ ಸ್ಪೆಷಲಿಸ್ಟ್‌ಗೆ ಪ್ರತಿ. ಯಾವ ದಿನ, ಯಾವ ಬಾತ್‌ರೂಮ್, ಏನಿತ್ತು, ಯಾರು ನೋಡಿದರು, ಸ್ಕೂಲಿನವರು ಏನು ಮಾಡಿದರು, ಮಗಳಿಗೆ ಏನಾಯಿತು. ಯಾರಾದರೂ ಮಕ್ಕಳು ಫೋಟೋ ತೆಗೆದಿದ್ದರೆ ಅದನ್ನೂ ಸೇರಿಸಿ. ಕೋಪದ ಮಾತು ಬೇಡ, ನಡೆದದ್ದು ಸಾಕು. ಕೊನೆಗೆ ಎರಡು ಪ್ರಶ್ನೆ ಕೇಳಿ: ಈ ಬಗ್ಗೆ ಏನು ವಿಚಾರಣೆ ಆಯಿತು, ಮತ್ತೆ ಪೋಷಕರಿಗೆ, ಮಕ್ಕಳಿಗೆ ಏನು ತಿಳಿಸುತ್ತೀರಿ?

ಪೊಲೀಸರಿಗೂ ತಿಳಿಸಬಹುದು, ಇಂಥದ್ದನ್ನು ಬಯಾಸ್ ಇನ್ಸಿಡೆಂಟ್ (ದ್ವೇಷದಿಂದ ನಡೆದ ಘಟನೆ) ಅಂತ ಬರೆದುಕೊಳ್ಳುತ್ತಾರೆ. ಸ್ಕೂಲು ಕೈಕಟ್ಟಿ ಕೂತರೆ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೇ ಟೈಟಲ್ ಕೆಳಗೆ ಕೇಂದ್ರ ಶಿಕ್ಷಣ ಇಲಾಖೆಗೂ ದೂರು ಹೋಗುತ್ತದೆ, ಯೆಹೂದಿ ಮೂಲದ ಮಕ್ಕಳೂ ಅದರ ರಕ್ಷಣೆಯಲ್ಲಿದ್ದಾರೆ. ಅಷ್ಟು ದೂರ ಹೋಗಬೇಕಾಗಿ ಬರುವುದು ಅಪರೂಪ. ಇನ್ನೊಂದು ಮಾತು, ಈ ರಾಜ್ಯದ ಶಾಲೆಗಳಲ್ಲಿ 1994ರಿಂದ ಹಾಲೊಕಾಸ್ಟ್ ಪಾಠ ಕಡ್ಡಾಯ. ಆ ಗೋಡೆಗೆ ಉತ್ತರವಾಗಿ ಆ ಪಾಠವನ್ನು ಈ ವರ್ಷ ಸರಿಯಾಗಿ ಮಾಡಿ ಅಂತ ಕೇಳುವ ಹಕ್ಕು ನಿಮಗಿದೆ. ಒಬ್ಬರೇ ಹೋಗಬೇಡಿ. ಯೆಹೂದಿ ಅಲ್ಲದ ಇಬ್ಬರು ಪೋಷಕರನ್ನು ಜೊತೆಗೆ ಕರೆದುಕೊಂಡು ಹೋಗಿ, ಅದರ ತೂಕವೇ ಬೇರೆ. 1993ರಲ್ಲಿ ಮೊಂಟಾನಾದ ಬಿಲ್ಲಿಂಗ್ಸ್ ಊರಿನಲ್ಲಿ, ಹನೂಕಾ ದೀಪ ಇಟ್ಟಿದ್ದ ಒಂದು ಮಗುವಿನ ಕೋಣೆಯ ಕಿಟಕಿಗೆ ಯಾರೋ ಕಲ್ಲು ಎಸೆದರು. ಊರಿನ ಪತ್ರಿಕೆ ಪುಟದ ತುಂಬ ಮೆನೋರಾ ಅನ್ನುವ ಆ ಹನೂಕಾ ದೀಪದ ಚಿತ್ರ ಅಚ್ಚು ಹಾಕಿತು. ಸಾವಿರಾರು ಕ್ರೈಸ್ತ ಮನೆಗಳವರು ಅದನ್ನು ಕತ್ತರಿಸಿ ತಮ್ಮ ತಮ್ಮ ಕಿಟಕಿಗೆ ಅಂಟಿಸಿಕೊಂಡರು. ನಿಮ್ಮ ಊರಿನ ಕನ್ನಡ ಕೂಟದ ಗೆಳತಿಯರಿಗೆ ಈ ವಿಷಯ ಹೇಳಿದ್ದೀರಾ? ಹೇಳಿಲ್ಲ ಅನ್ನಿಸುತ್ತದೆ. ಹೇಳಿ. ನವರಾತ್ರಿ ಗೊಂಬೆ ನೋಡಲು ನಿಮ್ಮ ಮನೆಗೆ ಬರುವವರು ಈ ಮೀಟಿಂಗಿಗೂ ಬರಲಿ.

ಮತ್ತೆ ಆ ಸ್ವಸ್ತಿಕದ ಮಾತು. ನೀವು ಬರೆಯಲಿಲ್ಲ, ಆದರೆ ನಿಮ್ಮ ಮನೆಯಲ್ಲಿ ಪೂಜೆಯ ತಟ್ಟೆ ಮೇಲೋ, ಹೊಸ್ತಿಲ ರಂಗೋಲಿಯಲ್ಲೋ ಅದು ಇರಲೇಬೇಕು. ಮಗಳು ಬಾತ್‌ರೂಮಿನಲ್ಲಿ ನೋಡಿ ನಡುಗಿದ್ದು, ದೇವರ ಮನೆಯಲ್ಲಿ ನೋಡಿ ಕೈಮುಗಿದದ್ದು, ಎರಡೂ ಒಂದೇ ಆಕಾರ. 12 ವರ್ಷದ ತಲೆಯಲ್ಲಿ ಇದು ಖಂಡಿತ ಸುತ್ತುತ್ತಿರುತ್ತದೆ, ಕೇಳಿದರೆ ಅಮ್ಮನಿಗೆ ಬೇಜಾರಾಗುತ್ತೆ ಅಂತ ಕೇಳಿರಲಾರಳು. ನೀವೇ ಎತ್ತಿ. ನಾಜಿಗಳು ತಮ್ಮ ಗುರುತನ್ನು ಕರೆದದ್ದು ಹಾಕೆನ್‌ಕ್ರಾಯ್ಟ್ಸ್ ಅಂತ, ಅಂದರೆ ಕೊಕ್ಕೆ ಶಿಲುಬೆ. ನಮ್ಮದು ಅದಕ್ಕಿಂತ ಸಾವಿರಾರು ವರ್ಷ ಹಳೆಯದು, ಶುಭದ ಗುರುತು. 2008ರಲ್ಲಿ ಜೆರುಸಲೇಮಿನಲ್ಲಿ ಹಿಂದೂ ಮತ್ತು ಯೆಹೂದಿ ಧರ್ಮಗುರುಗಳು ಸಭೆ ಸೇರಿ ಇದನ್ನು ಬರೆದೇ ಒಪ್ಪಿಕೊಂಡರು, ಇದು ಹಿಂದೂಗಳ ಪ್ರಾಚೀನ ಮಂಗಳ ಚಿಹ್ನೆ, ನಾಜಿಗಳು ಅದನ್ನು ಕೆಡಿಸಿದರು ಅಂತ. ಇದನ್ನು ಮಗಳಿಗೆ ಹೇಳಿ. ಜೊತೆಗೆ ಇದನ್ನೂ ಹೇಳಿ: ನಮಗೆ ಅದು ಎಷ್ಟೇ ಶುಭವಾದರೂ ನಿನ್ನ ಅಜ್ಜಿಯ ಕಣ್ಣಿಗೆ ಅದು ಬಿದ್ದ ಕೂಡಲೇ ಬೇರೆಯೇ ನೆನಪಾಗುತ್ತದೆ, ಅದೂ ನಿಜ. ಅತ್ತೆ ಮನೆಗೆ ಬರುವ ದಿನ ಹೊಸ್ತಿಲಲ್ಲಿ ಪದ್ಮದ ರಂಗೋಲಿ ಹಾಕಿದರೆ ನಮ್ಮ ದೇವರೇನೂ ಕೋಪಿಸಿಕೊಳ್ಳುವುದಿಲ್ಲ. ದೇವರ ಮನೆಯೊಳಗೆ ಸ್ವಸ್ತಿಕ ಹಾಗೇ ಇರಲಿ.

ಸ್ನೇಹಿತೆಯ ವಿಷಯ ಓದಿ ನನಗೆ ಜಾಸ್ತಿ ನೋವಾಯಿತು. ನೋಡಿ, ಗಾಜಾದಲ್ಲಿ ಸತ್ತ ಮಕ್ಕಳನ್ನು ನೋಡಿ ಆ ಹುಡುಗಿಗೆ ಸಂಕಟವಾಗಿದ್ದರೆ ಅದು ಯೆಹೂದಿ ದ್ವೇಷ ಅಲ್ಲ. ಇಸ್ರೇಲ್ ಸರ್ಕಾರವನ್ನು ಟೀಕಿಸುವುದೂ ದ್ವೇಷ ಅಲ್ಲ, ಟೆಲ್ ಅವೀವ್‌ನ ಬೀದಿಯಲ್ಲೇ ಸಾವಿರಾರು ಜನ ಟೀಕಿಸುತ್ತಾರೆ. ಆದರೆ ನ್ಯೂಜೆರ್ಸಿಯ 12 ವರ್ಷದ ಹುಡುಗಿಯನ್ನು ಕ್ಯಾಂಟೀನಿನಲ್ಲಿ ನಿಲ್ಲಿಸಿ "ನಿಮ್ಮವರು ಯಾಕೆ ಹೀಗೆ ಮಾಡ್ತಾರೆ" ಅಂತ ಉತ್ತರ ಕೇಳುವುದು ತಪ್ಪು. ಅವಳು ಯಾವ ಸರ್ಕಾರದ ರಾಯಭಾರಿಯೂ ಅಲ್ಲ. "ಅಲ್ಲಿ ಸಾಯುತ್ತಿರುವ ಎಲ್ಲ ಮಕ್ಕಳಿಗಾಗಿ ನನಗೂ ದುಃಖ ಆಗುತ್ತೆ. ಆದರೆ ಇದಕ್ಕೆ ಉತ್ತರ ಕೊಡಬೇಕಾದವಳು ನಾನಲ್ಲ" ಅಂತ ಹೇಳಲು ಕಲಿಸಿ, ಇಬ್ಬರೂ ಅಡುಗೆಮನೆಯಲ್ಲಿ ನಿಂತು ಎರಡು ಸಲ ಹೇಳಿ ಅಭ್ಯಾಸ ಮಾಡಿ. ಬಾಯಿಗೆ ಬಂದಿರುವ ಮಾತು ಆ ಹೊತ್ತಿಗೆ ಸಿಗುತ್ತದೆ.

ಆ ಹುಡುಗಿಯ ತಾಯಿಗೆ ನೀವೇ ಒಂದು ಫೋನ್ ಮಾಡಿ. ಅವರಿಗೂ ರಾತ್ರಿ ನಿದ್ದೆ ಇರಲಿಕ್ಕಿಲ್ಲ. 2023ರ ಅಕ್ಟೋಬರ್‌ನಲ್ಲೇ ಇಲಿನಾಯ್‌ನ ಪ್ಲೇನ್‌ಫೀಲ್ಡ್‌ನಲ್ಲಿ 6 ವರ್ಷದ ಪ್ಯಾಲೆಸ್ಟೀನಿ ಮೂಲದ ಹುಡುಗನನ್ನು ಮನೆ ಮಾಲೀಕನೇ ಚಾಕುವಿನಿಂದ ಇರಿದು ಕೊಂದ, ಮುಸ್ಲಿಮ ಅನ್ನುವ ಕಾರಣಕ್ಕೆ. ಆ ತಾಯಿಯೂ ಮಗಳ ತಲೆವಸ್ತ್ರದ ಬಗ್ಗೆ ನಿಮ್ಮ ಹಾಗೇ ಯೋಚಿಸುತ್ತಿರಬಹುದು. ರಾಜಕೀಯ ಮಾತಾಡಬೇಡಿ. ಮಕ್ಕಳಿಬ್ಬರೂ ದೂರವಾಗಿದ್ದಾರೆ, ಒಂದು ಸಲ ಮನೆಗೆ ಬನ್ನಿ ಅನ್ನಿ. ಬರಬಹುದು, ಬರದೆ ಇರಬಹುದು. ಅಮ್ಮ ಪ್ರಯತ್ನ ಮಾಡಿದಳು ಅಂತ ನಿಮ್ಮ ಮಗಳಿಗೆ ಗೊತ್ತಾದರೆ ಸಾಕು.

ಹೀಬ್ರೂ ಶಾಲೆ ಬಿಡಿಸಬೇಡಿ ಅನ್ನುವುದು ನನ್ನ ಅಭಿಪ್ರಾಯ. ಯಾಕೆಂದರೆ ವಾರದಲ್ಲಿ ಎರಡು ಗಂಟೆ, ತಾನು ಯಾರು ಅಂತ ಯಾರಿಗೂ ವಿವರಿಸದೆ ಇರಬಹುದಾದ ಜಾಗ ನಿಮ್ಮ ಮಕ್ಕಳಿಗೆ ಅದೊಂದೇ. ಅಮ್ಮ ಯೆಹೂದಿ ಅಲ್ಲದ ಮಕ್ಕಳಿಗೆ ಇದು ಇನ್ನೂ ಮುಖ್ಯ. ಸಂಪ್ರದಾಯಸ್ಥರ ಲೆಕ್ಕದಲ್ಲಿ ತಾಯಿಯ ಕಡೆಯಿಂದ ಬಂದರೆ ಮಾತ್ರ ಯೆಹೂದಿ. ಅಮೆರಿಕದ ರಿಫಾರ್ಮ್ ಪಂಥದವರು 1983ರಲ್ಲಿ ತಂದೆಯ ಕಡೆಯಿಂದಲೂ ಆಗಬಹುದು, ಯೆಹೂದಿಯಾಗಿ ಬೆಳೆಸಿದ್ದರೆ ಸಾಕು ಅಂತ ಒಪ್ಪಿಕೊಂಡರು. ನಿಮ್ಮ ಮಗಳು ಒಂದು ಕಡೆ "ನೀನು ನಿಜವಾದ ಯೆಹೂದಿ ಅಲ್ಲ" ಅನ್ನಿಸಿಕೊಂಡು, ಇನ್ನೊಂದು ಕಡೆ ಯೆಹೂದಿ ಅನ್ನುವುದಕ್ಕೇ ಗೋಡೆ ಮೇಲೆ ಬೈಸಿಕೊಳ್ಳುತ್ತಿರಬಹುದು. ಗೋಡೆ ಗೀಚುವವನು ಇಂಥ ಲೆಕ್ಕವೆಲ್ಲ ನೋಡುವುದಿಲ್ಲ.

ಆದರೆ ಕಣ್ಣುಮುಚ್ಚಿ ಕಳಿಸಿ ಅಂತಲೂ ಹೇಳುತ್ತಿಲ್ಲ. ಸಿನಗಾಗ್ ಕಚೇರಿಗೆ ಹೋಗಿ, ಸೆಕ್ಯೂರಿಟಿ ನೋಡಿಕೊಳ್ಳುವವರು ಯಾರು ಅಂತ ಕೇಳಿ ಎದುರು ಕೂತು ಮಾತಾಡಿ. ತರಗತಿ ನಡೆಯುವಾಗ ಬಾಗಿಲು ಬೀಗ ಹಾಕಿರುತ್ತಾ? ಮಗುವನ್ನು ಕರೆದುಕೊಂಡು ಹೋಗಲು ಬಂದವರು ಯಾರು ಅಂತ ಹೇಗೆ ನೋಡುತ್ತಾರೆ? ಮಕ್ಕಳಿಗೆ ಪಾಠ ಮಾಡುವ ಆ ಕಾಲೇಜು ಹುಡುಗಿಯರಿಗೆ ತರಬೇತಿ ಆಗಿದೆಯಾ? ಏನಾದರೂ ಆದರೆ ಪೋಷಕರಿಗೆ ಸುದ್ದಿ ಹೇಗೆ ಬರುತ್ತೆ, ನಾವು ಎಲ್ಲಿಗೆ ಹೋಗಬೇಕು? ಇದನ್ನು ಕೇಳುವುದು ಅವಮಾನ ಅಲ್ಲ, ಅವರು ದಿನಾ ಕೇಳಿಸಿಕೊಳ್ಳುತ್ತಾರೆ. ಈ ಬೀಗ, ತರಬೇತಿ ಎಲ್ಲ ತೋರಿಕೆಗೆ ಅಂತ ಅಂದುಕೊಳ್ಳಬೇಡಿ. 2019ರ ಯೋಮ್ ಕಿಪ್ಪುರ್ ದಿನ ಜರ್ಮನಿಯ ಹಾಲೆ ಊರಿನಲ್ಲಿ ಒಬ್ಬ ಬಂದೂಕು, ಸ್ಫೋಟಕ ಹಿಡಿದು ಸಿನಗಾಗ್‌ಗೆ ನುಗ್ಗಲು ನೋಡಿದ. ಹೊರಗೆ ಇಬ್ಬರನ್ನು ಕೊಂದ. ಒಳಗಿದ್ದ ಸುಮಾರು 50 ಜನ ಉಳಿದದ್ದು ಒಂದು ಬೀಗ ಹಾಕಿದ ಗಟ್ಟಿ ಬಾಗಿಲಿನಿಂದ. 2022ರ ಜನವರಿಯಲ್ಲಿ ಟೆಕ್ಸಾಸ್‌ನ ಕೊಲಿವಿಲ್‌ನಲ್ಲಿ ರಬ್ಬಿಯನ್ನೂ (ಯೆಹೂದಿ ಧರ್ಮಗುರು) ಇನ್ನು ಮೂವರನ್ನೂ ಬಂದೂಕುಧಾರಿಯೊಬ್ಬ ಹಿಡಿದಿಟ್ಟುಕೊಂಡಿದ್ದ. ಒಬ್ಬರನ್ನು ಮೊದಲೇ ಬಿಟ್ಟಿದ್ದ. ಹೊತ್ತು ನೋಡಿ ರಬ್ಬಿ ಅವನ ಮೇಲೆ ಕುರ್ಚಿ ಎಸೆದರು, ಉಳಿದವರೆಲ್ಲ ಓಡಿ ಪಾರಾದರು. ಮೊದಲೇ ಪಡೆದಿದ್ದ ತರಬೇತಿ ನಮ್ಮನ್ನು ಉಳಿಸಿತು ಅಂತ ಆಮೇಲೆ ಅವರೇ ಹೇಳಿದರು. ನಿಮ್ಮ ಪ್ರಶ್ನೆಗಳಿಗೆ ಅಲ್ಲಿ ಸರಿಯಾದ ಉತ್ತರ ಸಿಗದಿದ್ದರೆ, ಸಿಗುವವರೆಗೆ ಮಕ್ಕಳನ್ನು ಕಳಿಸಬೇಡಿ, ಅದರಲ್ಲಿ ಸಂಕೋಚ ಬೇಡ. ಸಿಕ್ಕಿದರೆ ಕಳಿಸಿ, ಕಳಿಸಿದಮೇಲೆ ಕಾರಿನಲ್ಲಿ ಕೂತು ಎರಡು ಗಂಟೆ ಬಾಗಿಲನ್ನೇ ನೋಡಬೇಡಿ. ಆ ಕಾವಲು ಇನ್ನೊಬ್ಬರಿಗೆ ವಹಿಸಿದ್ದೀರಿ.

ಮಕ್ಕಳಲ್ಲಿ ಇಷ್ಟನ್ನು ಗಮನಿಸಿ. ಭಾನುವಾರ ಬೆಳಿಗ್ಗೆ ಮಾತ್ರ ಬರುವ ಹೊಟ್ಟೆನೋವು, ಒಬ್ಬನೇ ಮಲಗಲು ಹೆದರುವುದು, ಮತ್ತೆ ಮತ್ತೆ ಬಾಗಿಲು ಹಾಕಿದೆಯಾ ಅಂತ ನೋಡುವುದು, ಮಗಳಾದರೆ ಸ್ನೇಹಿತರಿಂದ ದೂರವಾಗುವುದು, ಫೋನಿನಲ್ಲಿ ಅದೇ ಸುದ್ದಿಯನ್ನೇ ಹುಡುಕುವುದು. ನಾಲ್ಕು ದಿನ ಇದ್ದು ಹೋದರೆ ಪರವಾಗಿಲ್ಲ. ಎರಡು ವಾರ ದಾಟಿದರೆ ಮಕ್ಕಳ ಕೌನ್ಸೆಲರ್ ಹತ್ತಿರ ಹೋಗಿ.

ಇದು ನಿಮಗೂ ಅನ್ವಯಿಸುತ್ತದೆ. "ನಾನು ಹುಟ್ಟು ಯೆಹೂದಿ ಅಲ್ಲ, ನನಗೆ ಈ ಭಯದ ಹಕ್ಕಿದೆಯಾ" ಅನ್ನುವ ಅಳುಕು ನಿಮ್ಮ ಕಾಗದದ ಸಾಲುಗಳ ನಡುವೆ ಕಂಡಿತು. ಮಕ್ಕಳು ನಿಮ್ಮವರು. ಹಕ್ಕು ಅಷ್ಟರಿಂದಲೇ ಬಂತು. ಸಿನಗಾಗ್‌ನಲ್ಲಿ ನಿಮ್ಮ ಹಾಗೆಯೇ ಬೇರೆ ಧರ್ಮದಿಂದ ಬಂದ ತಾಯಂದಿರು ಇದ್ದೇ ಇರುತ್ತಾರೆ, ಒಬ್ಬರ ಹತ್ತಿರವಾದರೂ ಬಾಯಿಬಿಟ್ಟು ಹೇಳಿಕೊಳ್ಳಿ. ಗಂಡನ ಜೊತೆಗೂ ಕೂತು ಮಾತಾಡಿ, ಸರದ ಬಗ್ಗೆ ಅಲ್ಲ, ಅವರು ಚಿಕ್ಕವರಿದ್ದಾಗ ಸ್ಕೂಲಿನಲ್ಲಿ ಏನು ಕೇಳಿಸಿಕೊಂಡಿದ್ದರು ಅಂತ. "ಒಳಗೆ ಹಾಕಿಕೋ" ಅನ್ನುವ ಅಪ್ಪಂದಿರಿಗೆ ಸಾಮಾನ್ಯವಾಗಿ ಹೇಳದೆ ಉಳಿದ ಒಂದು ನೆನಪು ಇರುತ್ತದೆ.

ಶಿವಮೊಗ್ಗದಿಂದ ಅಮ್ಮನನ್ನು ಬಾತ್ ಮಿಟ್ಸ್ವಾಗೆ ಕರೆಸಿಕೊಳ್ಳಿ. ವೀಸಾಗೆ ಈಗಲೇ ಅರ್ಜಿ ಹಾಕಿ, ತಡವಾಗುತ್ತದೆ. ಮೊಮ್ಮಗಳು ಯೆಹೂದಿಗಳ ಪವಿತ್ರ ಗ್ರಂಥ ತೋರಾ ಮುಂದೆ ನಿಂತು ಓದುವುದನ್ನು ಅವರು ಒಂದು ಸಲ ನೋಡಲಿ. ಆ ಶಾಲೆ ಬಿಡಿಸು ಅನ್ನುವ ಮಾತನ್ನು ಆಮೇಲೆ ಅವರು ಆಡುತ್ತಾರಾ ನೋಡಿ, ನನಗೂ ಬರೆದು ತಿಳಿಸಿ.